ಭಾನುವಾರವೂ ನನ್ನ ಚುಕ್ಕೆ ಮ್ಯಾಪ್ ಮೇಲೆ ಯಾಕೆ ಓಡಾಡಬೇಕು?

ಕಾಗಿಣಾ ದಂಡೆ (ಕಲಬುರಗಿ)

ಬೀಜ, ಔಷಧಿ ಮಾರುವ ಒಂದು ಕಂಪನಿಯಲ್ಲಿ ಫೀಲ್ಡ್ ಕೆಲಸ ನನ್ನದು. ಕಂಪನಿ ಹೆಸರು ಬೇಡ, ಹೊಟ್ಟೆಪಾಡು. ಸೇಡಂ, ಚಿತ್ತಾಪುರ, ಕಾಳಗಿ ಕಡೆ ತಿರುಗುತ್ತೇನೆ. ಬೈಕ್ ನನ್ನದು, ಕಿಲೋಮೀಟರ್ ಲೆಕ್ಕದಲ್ಲಿ ಟಿಎ ಕೊಡುತ್ತಾರೆ. ಮುಂಗಾರಿಗೆ ಮುಂಚೆ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದರು. ಫೋನೂ ನನ್ನದೇ. ಬೆಳಿಗ್ಗೆ ಒತ್ತಿದರೆ ಹಾಜರಿ. ಆಮೇಲೆ ನಾನು ಎಲ್ಲಿದ್ದೇನೆ ಅಂತ ಮ್ಯಾನೇಜರ್ ಸಾಹೇಬರು ಆಫೀಸಿನಲ್ಲಿ ಕುಳಿತು ನೋಡುತ್ತಿರುತ್ತಾರೆ.

ಕಳೆದ ತಿಂಗಳು ಜೋರು ಮಳೆ ಬಂದ ದಿನ ಸೇಡಂಗೆ ಹೊರಟೆ. ಮ್ಯಾಪ್ ಎಂದಿನಂತೆ ಮಳಖೇಡದ ಮೇಲೆ ನೀಲಿ ಗೆರೆ ಎಳೆಯಿತು. ಹೋಗಿ ನೋಡಿದರೆ ಕಾಗಿಣಾ ಸೇತುವೆ ಮೇಲೆ ನೀರು. ಬಸ್ಸು, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿವೆ. ಜೇಬಿನೊಳಗಿಂದ ಮ್ಯಾಪಿನ ಹೆಣ್ಣುಮಗಳು ಮಾತ್ರ "ನೇರವಾಗಿ ಮುಂದುವರಿಯಿರಿ" ಅನ್ನುತ್ತಲೇ ಇದ್ದಳು. ತಿರುಗಿ ಬಂದು ಶಹಾಬಾದ, ವಾಡಿ, ಚಿತ್ತಾಪುರ ಸುತ್ತಿ ಸೇಡಂ ಮುಟ್ಟಿದೆ. ಗಾಡಿ ಮೀಟರ್ ಪ್ರಕಾರ ಮಾಮೂಲಿಗಿಂತ 70 ಕಿ.ಮೀ. ಜಾಸ್ತಿ.

ತಿಂಗಳ ಕೊನೆಗೆ ಟಿಎ ಬಂತು. ಆ 70 ಕಿ.ಮೀ. ಇಲ್ಲ! ಕೇಳಿದರೆ, "ಸಿಸ್ಟಮ್ ಎರಡು ಊರಿನ ನಡುವಿನ ಹತ್ತಿರದ ದಾರಿ ಮಾತ್ರ ಲೆಕ್ಕ ಹಿಡಿಯುತ್ತದೆ" ಅಂದರು. ಸರಿ ಅಂತ ಏಳುವಷ್ಟರಲ್ಲಿ ಸಾಹೇಬರು ನಗುತ್ತಾ ಕೇಳಿದರು, "ಏನಪ್ಪಾ, ಮೊನ್ನೆ ಭಾನುವಾರ ಗಾಣಗಾಪುರಕ್ಕೆ ಹೋಗಿದ್ದೆಯಂತೆ, ದರ್ಶನ ಆಯ್ತಾ?"

ನಾನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸುತ್ತಿದ ದಾರಿ ಇವರಿಗೆ ಕಾಣುವುದಿಲ್ಲ, ದೇವರ ದರ್ಶನಕ್ಕೆ ಹೋದದ್ದು ಕಾಣುತ್ತದೆ. ಇದಕ್ಕೆ ಏನು ಮಾಡಬೇಕು, ತಿಳಿದವರು ಹೇಳಿ.

ಗಂಜ್ ಸಾಹುಕಾರ (ಕಲಬುರಗಿ)

ನಾನು ಎದುರು ಪಕ್ಷದವನು. ಬೈಯುವ ಮುಂಚೆ ಪೂರ್ತಿ ಓದಿ.

ನನ್ನದು ಐದು ಗೂಡ್ಸ್ ಗಾಡಿ. ದಾಲ್ ಮಿಲ್‌ಗಳಿಂದ ತೊಗರಿಬೇಳೆ ತುಂಬಿಕೊಂಡು ಹೈದರಾಬಾದ್, ಸೊಲ್ಲಾಪುರಕ್ಕೆ ಹೋಗುತ್ತವೆ. ಜಿಪಿಎಸ್ ಹಾಕಿಸುವ ಮುಂಚೆ ಫೋನ್ ಮಾಡಿದರೆ "ಸಾಹುಕಾರ್ರೇ, ಹುಮನಾಬಾದ್‌ನಲ್ಲಿ ಜಾಮ್" ಅನ್ನುತ್ತಿದ್ದರು. ಹಿಂದೆ ಧಾಬಾದ ಹಾಡು ಕೇಳಿಸುತ್ತಿತ್ತು. ಒಬ್ಬ ಡ್ರೈವರ್ ಟ್ರಿಪ್ಪಿಗೆ ಹದಿನೈದು ಲೀಟರ್ ಡೀಸೆಲ್ ಇಳಿಸುತ್ತಿದ್ದ. ಅದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಮಷಿನ್ ಹಾಕಿಸಿದ ಮೇಲೆ ಒಂದೇ ವಾರದಲ್ಲಿ ಸಿಕ್ಕಿಬಿದ್ದ. ದಿನಾ ರಾತ್ರಿ ಒಂದೇ ಜಾಗದಲ್ಲಿ 25 ನಿಮಿಷ ಎಂಜಿನ್ ಬಂದ್. ಅಲ್ಲಿ ಹೋಟೆಲೂ ಇಲ್ಲ, ಪಂಕ್ಚರ್ ಅಂಗಡಿಯೂ ಇಲ್ಲ.

ಗಾಡಿ ನನ್ನದು, ಡೀಸೆಲ್ ನನ್ನದು, ಒಳಗಿನ ಮಾಲು ಇನ್ನೊಬ್ಬರದು. ನೋಡಬಾರದು ಅಂದರೆ ಹೇಗೆ? ಪ್ರಾಮಾಣಿಕನಿಗೆ ಏನು ಹೆದರಿಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳಬೇಕು?

ಲಾರಿ ಮಾಮಾ (ಹುಮನಾಬಾದ)

ಸಾಹುಕಾರ್ರೇ, ಹೆಗಲು ಮುಟ್ಟಿಕೊಳ್ಳುವುದಿಲ್ಲ. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಹೆಗಲು ನೋಯುತ್ತದೆ, ಅದಕ್ಕೆ ಒತ್ತಿಕೊಳ್ಳುತ್ತೇವೆ.

22 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಗಾಡಿಗೆ ಡಬ್ಬಿ ಕೂಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಹೋದ ವರ್ಷ ಮನ್ನಾಏಖೇಳಿ ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ ಎಕ್ಸೆಲ್ ಮುರಿಯಿತು. ಫೋನ್ ಚಾರ್ಜ್ ಮುಗಿದಿತ್ತು. ಮಾಲೀಕರು ಬೆಳಗಿನ ಜಾವ ಎದ್ದು ನೋಡಿದ್ದಾರೆ, ಗಾಡಿ ಅಲ್ಲಾಡುತ್ತಿಲ್ಲ. ಹುಮನಾಬಾದಿನಿಂದ ಮೇಸ್ತ್ರಿಯನ್ನು ಕಳಿಸಿಬಿಟ್ಟರು. ಆ ಡಬ್ಬಿಗೆ ನಾನು ಕೈಮುಗಿದೆ.

ಆದರೆ ಅದೇ ಡಬ್ಬಿಯಿಂದ ದಿನಕ್ಕೆ ಹತ್ತು ಫೋನ್. "ಯಾಕೆ ನಿಂತೆ?" ಅಂತ. ಮೂತ್ರಕ್ಕೆ ನಿಂತೆ ಸಾಹೇಬ್ರೇ. ಅದಕ್ಕೂ ರಸೀದಿ ಕೊಡಲಾ? ಓಡಿಸುವಾಗ ಫೋನ್ ಎತ್ತಬಾರದು ಅಂತ ಕಾನೂನು. ಎತ್ತದಿದ್ದರೆ "ಯಾಕೆ ಎತ್ತಲಿಲ್ಲ" ಅಂತ ಇವರ ಕಾನೂನು.

ಇನ್ನು ಈ ಹುಡುಗನದ್ದು ಬೇರೆ ಮಾತು. ಗಾಡಿ ಮಾಲೀಕರದ್ದಾದರೆ ಗಾಡಿಗೆ ಕಟ್ಟಲಿ. ಇವನ ಬೈಕು ಇವನದು, ಫೋನು ಇವನದು. ನನ್ನ ಲಾರಿಗೆ ಜಿಪಿಎಸ್ ಇದೆ, ನನ್ನ ಲುಂಗಿಗೆ ಇಲ್ಲವಲ್ಲ!

ಸುಮ್ನೆ ನೋಡುವವ

ಲುಂಗಿ 😂😂

ಬೀದರ್ ಬಿದ್ರಿ (ಬೀದರ್)

ಮಾಮಾ ಹೇಳಿದ್ದು ತಮಾಷೆ ಅನಿಸಿದರೂ ವಿಷಯದ ಬುಡ ಅದೇ. ಜಿಪಿಎಸ್ ಅಂದರೆ ಮೇಲಿಂದ ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ.

ಅಮೆರಿಕದವರ 30ಕ್ಕೂ ಹೆಚ್ಚು ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅವು ಮಾಡುವುದು ಒಂದೇ ಕೆಲಸ. "ನಾನು ಇಂಥ ಜಾಗದಲ್ಲಿದ್ದೇನೆ, ಈಗ ಟೈಮ್ ಇಷ್ಟು" ಅಂತ ಕೂಗುತ್ತಾ ಇರುವುದು. ನಿಮ್ಮ ಫೋನ್ ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಕೇಳಿಸಿಕೊಂಡು, ಯಾವುದು ಎಷ್ಟು ತಡವಾಗಿ ಬಂತು ಅಂತ ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆ ಅಂತ ಕಂಡುಕೊಳ್ಳುತ್ತದೆ. ಲೆಕ್ಕ ಎಷ್ಟು ಸೂಕ್ಷ್ಮ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್ ಆಚೀಚೆ ಆಗುತ್ತದೆ. ಇಸ್ರೋದ ನಾವಿಕ್ ಕೂಡ ಇದೇ ರೀತಿ. ಅದರ ಮೊದಲ ಉಪಗ್ರಹ ಹೋದದ್ದು 2013ರ ಜುಲೈನಲ್ಲಿ.

ಅಂದರೆ ಉಪಗ್ರಹಕ್ಕೆ ನೀವು ಇದ್ದೀರಿ ಅನ್ನುವುದೇ ಗೊತ್ತಿಲ್ಲ. ರೇಡಿಯೊ ಕೇಳಿದ ಹಾಗೆ. ಆಕಾಶವಾಣಿಗೆ ಗೊತ್ತಾಗುತ್ತದೆಯೇ, ಇವತ್ತು ನಿಮ್ಮ ಮನೆಯಲ್ಲಿ ಯಾರು ರೇಡಿಯೊ ಹಚ್ಚಿದ್ದಾರೆ ಅಂತ?

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ವೈಫೈ ಇದ್ದಾಗ ಕಲಬುರಗಿ ಜಿಲ್ಲೆಯ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲೂ ಆಗುತ್ತದೆ, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಆ್ಯಂಡ್‌ನಲ್ಲಂತೂ ಅದೇ ಮುಖ್ಯ ಕೆಲಸ. ಆಮೇಲೆ ಡೇಟಾ ಆಫ್ ಮಾಡಿ ಕಾಳಗಿಗೆ ಹೊರಡಿ. ದಾರಿ ತೋರಿಸುತ್ತದೆ. ನೀವು ಎಲ್ಲಿದ್ದೀರಿ ಅಂತ ಆ ಹೊತ್ತಿಗೆ ಫೋನ್ ಬಿಟ್ಟು ಯಾವ ಆ್ಯಪ್ ಕಂಪನಿಗೂ ಹೋಗುವುದಿಲ್ಲ. ಸಿಮ್ ಕಂಪನಿಗೆ ಮಾತ್ರ ಯಾವ ಟವರ್ ಕೆಳಗಿದ್ದೀರಿ ಅನ್ನುವುದು ಗೊತ್ತು.

ನಿಮ್ಮ ಚಾಡಿ ಹೇಳುವುದು ಜಿಪಿಎಸ್ ಅಲ್ಲ. ಆ ಲೆಕ್ಕವನ್ನು ಓದಿ, ಇಂಟರ್ನೆಟ್ ಮೇಲೆ ಸಾಹೇಬರಿಗೆ ಕಳಿಸುವ ಆ್ಯಪ್.

ಸುಮ್ನೆ ನೋಡುವವ

ಇಷ್ಟೆಲ್ಲ ಯಾಕ್ರೀ? ಫೇಕ್ ಲೊಕೇಶನ್ ಆ್ಯಪ್ ಹಾಕಿ. ಚುಕ್ಕೆಯನ್ನು ಸೇಡಂನಲ್ಲಿ ನಿಲ್ಲಿಸಿ ಮನೆಯಲ್ಲಿ ಸುಸಲಾ ಮಿರ್ಚಿ ತಿನ್ನುತ್ತಾ ಕೂಡಿ.

ಬ್ಯಾಗ್ ಹೊತ್ತವ (ಕಲಬುರಗಿ)

ತಮ್ಮಾ, ಆ ಬುದ್ಧಿ ಕೊಡಬೇಡ. ನಮ್ಮ ಟೀಮ್‌ನಲ್ಲಿ ಒಬ್ಬ ಮಾಡಿದ್ದ. ಈಗಿನ ಆ್ಯಪ್‌ಗಳು ಮಾಕ್ ಲೊಕೇಶನ್ (ಸುಳ್ಳು ಜಾಗ ತೋರಿಸುವ ಸೆಟ್ಟಿಂಗ್) ಆನ್ ಇದೆಯಾ ಅಂತ ನೋಡಿಬಿಡುತ್ತವೆ. ಮೂರನೇ ದಿನ ಮೇಲ್ ಬಂತು, ನಾಲ್ಕನೇ ದಿನ ಅವನ ಬ್ಯಾಗ್ ವಾಪಸ್ ಹೋಯಿತು.

ನಾನು ಮೆಡಿಕಲ್ ರೆಪ್. ನನ್ನ ಕಥೆ ಕೇಳಿ. ಒಬ್ಬ ಡಾಕ್ಟರ್ ಕ್ಲಿನಿಕ್ ಮೊದಲ ಮಹಡಿಯಲ್ಲಿದೆ. ಕೆಳಗೆ ಪಕ್ಕದಲ್ಲೇ ಒಂದು ಬಾರ್. ಸಂಜೆ ಏಳಕ್ಕೆ ಬಾ ಅಂದ ಡಾಕ್ಟರ್ ಎಂಟೂವರೆಗೆ ಕರೆಯುತ್ತಾರೆ. ಅದು ಎಲ್ಲ ರೆಪ್‌ಗಳ ಹಣೆಬರಹ. ಮರುದಿನ ಮ್ಯಾನೇಜರ್ ಸ್ಕ್ರೀನ್‌ಶಾಟ್ ಕಳಿಸಿದರು. ನನ್ನ ಚುಕ್ಕೆ ಬಾರ್ ಒಳಗೆ, 1 ಗಂಟೆ 20 ನಿಮಿಷ! ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ ಸ್ವಾಮಿ. ಜೀವಮಾನದಲ್ಲಿ ಬಿಯರ್ ಮುಟ್ಟಿದವನಲ್ಲ. ಅವತ್ತಿನಿಂದ ಟೀಮ್ ಗ್ರೂಪಿನಲ್ಲಿ ನನ್ನ ಹೆಸರು "ಏಳರಿಂದ ಎಂಟೂವರೆ".

ಬೀದರ್ ಬಿದ್ರಿ

ಅಣ್ಣಾ, ಅದು ಸಹಜ. ಬಯಲಿನಲ್ಲಿ ಚುಕ್ಕೆ ಐದ್ಹತ್ತು ಮೀಟರ್ ಒಳಗೆ ಕೂಡುತ್ತದೆ. ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ, ತಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ಒಳಗೆ ಕುಳಿತರೆ ಇನ್ನೂ ಜಾಸ್ತಿ. ಮೇಲಿನ ಮಹಡಿಯೋ ಕೆಳಗಿನದೋ ಅನ್ನುವುದಂತೂ ಆ ಸ್ಕ್ರೀನಿನಲ್ಲಿ ಕಾಣುವುದೇ ಇಲ್ಲ. ಚುಕ್ಕೆ ಸುತ್ತ ತಿಳಿನೀಲಿ ವೃತ್ತ ಇರುತ್ತದಲ್ಲ, "ಇದರೊಳಗೆ ಎಲ್ಲೋ ಇದ್ದಾನೆ" ಅಂತ ಅದರ ಅರ್ಥ. ಮ್ಯಾನೇಜರುಗಳು ವೃತ್ತ ನೋಡುವುದಿಲ್ಲ, ಚುಕ್ಕೆ ಮಾತ್ರ ನೋಡುತ್ತಾರೆ.

ಪಂಚಾಯ್ತಿ ಕಡತ (ಯಾದಗಿರಿ)

ನಮ್ಮಲ್ಲಿ ಇನ್ನೂ ಚಂದ. ಉದ್ಯೋಗ ಖಾತರಿ ಕೆಲಸಕ್ಕೆ 2023ರ ಜನವರಿಯಿಂದ ಎಲ್ಲ ಕಡೆ ಮೊಬೈಲ್ ಹಾಜರಿ ಬಂತು. ಕೂಲಿಕಾರರ ಫೋಟೊ, ಅದರ ಮೇಲೆ ಜಾಗದ ಲೆಕ್ಕ, ದಿನಕ್ಕೆ ಎರಡು ಸಲ. ಉದ್ದೇಶ ಒಳ್ಳೆಯದು, ಸುಳ್ಳು ಹಾಜರಿ ನಿಲ್ಲಬೇಕು ಅಂತ. ಆದರೆ ಕೆರೆ ಹೂಳು ತೆಗೆಯುವ ಜಾಗದಲ್ಲಿ ನೆಟ್‌ವರ್ಕ್ ಇರಬೇಕಲ್ಲ. ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿದವನು ನಾನು. ಕೆಳಗೆ ಹೆಣ್ಣುಮಕ್ಕಳು ಸಲಿಕೆ ಹಿಡಿದು ನಗುತ್ತಿದ್ದರು.

ಇನ್ನೊಂದು, ನಮ್ಮ ಕಡೆ ಒಂದೇ ಹೆಸರಿಗೆ (ಬಿ), (ಕೆ) ಅಂತ ಬಾಲ ಇರುವ ಊರುಗಳು ಎಷ್ಟಿಲ್ಲ? ಬುಜುರ್ಗ್ ಅಂದರೆ ದೊಡ್ಡದು, ಖುರ್ದ್ ಅಂದರೆ ಸಣ್ಣದು. ನಿಜಾಮರ ಕಾಲದ ಕಡತದಿಂದ ಹಾಗೇ ಬಂದಿದೆ. ಮ್ಯಾಪ್‌ನಲ್ಲಿ ಹುಡುಕಿದರೆ ಬಾಲ ಬಿಟ್ಟು ಯಾವುದೋ ಒಂದಕ್ಕೆ ಕರೆದುಕೊಂಡು ಹೋಗುತ್ತದೆ. ಹೊಸದಾಗಿ ಬಂದ ಎಂಜಿನಿಯರ್ ಒಬ್ಬರು (ಕೆ) ಬದಲು (ಬಿ)ಗೆ ಹೋಗಿ ಅಲ್ಲಿನ ಶಾಲೆ ಗೋಡೆ ಅಳತೆ ಮಾಡಿಕೊಂಡು ಬಂದರು. ಫೋಟೊದಲ್ಲಿ ಜಿಪಿಎಸ್ ಮಾತ್ರ ಸರಿಯಾಗಿತ್ತು.

ಶಹಾಪುರದ ಅಕ್ಕ

ನೀವೆಲ್ಲ ಗಂಡಸರು. ನಿಮಗೆ ಇದು ಟಿಎ ಮತ್ತು ಮರ್ಯಾದೆ ಪ್ರಶ್ನೆ. ನನ್ನದು ಬೇರೆ.

ಮಹಿಳೆಯರಿಗೆ ಗುಂಪು ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಸ್ಕೂಟಿ ತೆಗೆದರೆ ಶಹಾಪುರ, ವಡಗೇರಾ ಸುತ್ತ ಹಳ್ಳಿ ಹಳ್ಳಿ. ಹಣದ ಚೀಲ ಹೆಗಲ ಮೇಲೆ. ಲೊಕೇಶನ್ ಆನ್ ಇದೆ, ಆಫೀಸಿಗೆ ಗೊತ್ತಾಗುತ್ತದೆ ಅನ್ನುವುದು ಮೊದಮೊದಲು ಧೈರ್ಯವೇ ಆಗಿತ್ತು. ಅದನ್ನು ಅಲ್ಲಗಳೆಯುವುದಿಲ್ಲ.

ಆಮೇಲೆ ಒಬ್ಬ ಹೊಸ ಬ್ರಾಂಚ್ ಅಧಿಕಾರಿ ಬಂದರು. ರಾತ್ರಿ ಒಂಬತ್ತು ಗಂಟೆಗೆ ಮೆಸೇಜ್. "ಇನ್ನೂ ಮನೆ ಮುಟ್ಟಿಲ್ವಾ? ಬಸ್ ಸ್ಟ್ಯಾಂಡ್ ಹತ್ತಿರ ಇದೀರಿ?" ನಾನು ತಾಯಿಗೆ ಮಾತ್ರೆ ತರಲು ಹೋಗಿದ್ದೆ. ಇನ್ನೊಂದು ದಿನ, "ತವರುಮನೆಗೆ ಹೋಗಿದ್ರಾ?" ಕೆಟ್ಟ ಮಾತು ಒಂದೂ ಇಲ್ಲ. ದೂರು ಕೊಟ್ಟರೆ ಏನಂತ ಕೊಡಲಿ? ಕಾಳಜಿಯಿಂದ ಕೇಳಿದೆ ಅಂತಾರೆ. ಆದರೆ ನನಗೆ ರಾತ್ರಿ ಫೋನ್ ಬೇರೆ ಕೋಣೆಯಲ್ಲಿ ಇಟ್ಟು ಮಲಗುವ ಅಭ್ಯಾಸ ಆಯಿತು. ಫೋನ್ ಎಲ್ಲಿಟ್ಟರೂ ಮನೆ ಒಂದೇ ಅಂತ ಗೊತ್ತಿದ್ದರೂ.

ಸಾಹುಕಾರ್ ಅಣ್ಣಾ, ನಾನು ಯಾವ ಕುಂಬಳಕಾಯಿ ಕದ್ದಿದ್ದೆ?

ಇನ್ನೊಂದು ಮಾತು ಯಾರೂ ಹೇಳಲಿಲ್ಲ. ಆ ಆ್ಯಪ್‌ನಲ್ಲಿ ನನ್ನದು ಮಾತ್ರ ಅಲ್ಲ, ಸಾಲ ತೆಗೆದುಕೊಂಡ ಪ್ರತಿ ಹೆಣ್ಣುಮಗಳ ಮನೆ ಬಾಗಿಲೂ ಪಿನ್ ಆಗಿದೆ. ನಾನೇ ನಿಂತು ಒತ್ತಿದ್ದು. ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬೇಡ ಅನ್ನುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಕಾಗಿಣಾ ದಂಡೆ

ಅಕ್ಕಾ, ನಿಮ್ಮ ಕೊನೆ ಮಾತು ಓದಿ ಸುಮ್ಮನೆ ಕುಳಿತೆ. ನಾನೂ ಅದನ್ನೇ ಮಾಡಿದ್ದೇನೆ. ಮುನ್ನೂರಕ್ಕೂ ಜಾಸ್ತಿ ರೈತರ ಹೊಲ, ಬೋರ್‌ವೆಲ್, ಯಾರಿಗೆ ಎಷ್ಟು ಎಕರೆ ತೊಗರಿ, ಎಲ್ಲ ಪಿನ್ ಹಾಕಿ ಕೊಟ್ಟಿದ್ದೇನೆ. "ಫೋಟೊ ಯಾಕಪ್ಪಾ?" ಅಂತ ಒಬ್ಬ ಮುದುಕ ಕೇಳಿದ್ದ. "ಸುಮ್ನೆ ಕಾಕಾ, ಕಂಪನಿ ಲೆಕ್ಕಕ್ಕೆ" ಅಂದಿದ್ದೆ. ನನ್ನ ಒಂದು ಭಾನುವಾರಕ್ಕೆ ಇಷ್ಟು ಕೂಗಾಡುತ್ತಿದ್ದೇನೆ.

ಗಂಜ್ ಸಾಹುಕಾರ

ಅಕ್ಕಾ, ಆ ಗಾದೆ ವಾಪಸ್ ತೆಗೆದುಕೊಂಡೆ. ತಪ್ಪಾಯಿತು. ನನಗೂ ಮಗಳಿದ್ದಾಳೆ, ಹುಬ್ಬಳ್ಳಿಯಲ್ಲಿ ಕೆಲಸ.

ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ನೋಡುವವನು ಕೆಟ್ಟವನಾದರೆ ನೋಡುವವನನ್ನು ತೆಗೆಯಬೇಕು. ಮಷಿನ್ ತೆಗೆದರೆ ನನ್ನ ಹದಿನೈದು ಲೀಟರ್ ಯಾರು ಕೊಡುತ್ತಾರೆ?

ಶಹಾಪುರದ ಅಕ್ಕ

ಮಷಿನ್ ತೆಗೆಯಿರಿ ಅಂತ ಯಾರು ಹೇಳಿದರು ಅಣ್ಣಾ? ನಿಮ್ಮ ಗಾಡಿಗೆ ಇರಲಿ. ಡ್ರೈವರ್ ಗಾಡಿ ಇಳಿದು ಮನೆಗೆ ಹೋದ ಮೇಲೆ ನಿಮಗೆ ಅವನು ಕಾಣುವುದಿಲ್ಲ ಅಲ್ವಾ? ನನಗೂ ಅಷ್ಟೇ ಬೇಕಿತ್ತು. ಸಂಜೆ ಆರಕ್ಕೆ ನಾನು ಗಾಡಿ ಇಳಿಯಬೇಕಿತ್ತು.

ಲಾರಿ ಮಾಮಾ

ಹಾಂ. ಇದು ಮಾತು.

ಕಪ್ಪು ಕೋಟು (ಕಲಬುರಗಿ)

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 86ರ ಆಸುಪಾಸು.

ಇನ್ನೊಂದು ನಿಮ್ಮ ವಿಷಯಕ್ಕೆ ಹತ್ತಿರದ್ದು. ಜಾಮೀನಿನ ಮೇಲೆ ಹೊರಬಂದ ಆರೋಪಿ ತನ್ನ ಗೂಗಲ್ ಮ್ಯಾಪ್ ಪಿನ್ ತನಿಖಾಧಿಕಾರಿಗೆ ಕೊಡಬೇಕು ಅಂತ ಒಂದು ಕೋರ್ಟ್ ಷರತ್ತು ಹಾಕಿತ್ತು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆರೋಪಿಯ ಖಾಸಗಿ ಬದುಕಿನಲ್ಲಿ ಪೊಲೀಸರು ಸದಾ ಇಣುಕುವಂತೆ ಆಗಬಾರದು ಅಂತ.

ಬ್ಯಾಗ್ ಹೊತ್ತವ

ಅಂದರೆ ಜಾಮೀನಿನ ಮೇಲಿರುವವನಿಗೆ ಇರುವ ಸ್ವಾತಂತ್ರ್ಯ ಮೆಡಿಕಲ್ ರೆಪ್‌ಗೆ ಇಲ್ಲ?

ಕಪ್ಪು ಕೋಟು

ನಗಬೇಡಿ, ಪ್ರಶ್ನೆ ಸರಿಯಾಗಿದೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವಂಥದ್ದು. ಖಾಸಗಿ ಕಂಪನಿಯ ಎದುರು ಹಿಡಿಯಲು ಬೇರೆ ಕಾನೂನು ಬೇಕು. ಅದಕ್ಕೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳು ಟೈಮ್ ಕೊಟ್ಟಿದ್ದಾರೆ.

ಆದರೆ ಅದರ 7ನೇ ಸೆಕ್ಷನ್ ಓದಿ. "ಉದ್ಯೋಗದ ಉದ್ದೇಶಕ್ಕೆ" ಮತ್ತು ಮಾಲೀಕರಿಗೆ ನಷ್ಟ ಆಗದಂತೆ ತಡೆಯುವುದಕ್ಕೆ ಡೇಟಾ ಬಳಸಲು ನೌಕರನ ಒಪ್ಪಿಗೆ ಬೇಕಿಲ್ಲ ಅನ್ನುವ ಅರ್ಥ ಬರುತ್ತದೆ. ಸಾಹುಕಾರರ ಡೀಸೆಲ್ ಅದರೊಳಗೆ ಆರಾಮಾಗಿ ಕೂಡುತ್ತದೆ. ಭಾನುವಾರದ ಗಾಣಗಾಪುರ ಕೂಡುತ್ತದೆಯೇ? ನನ್ನ ಪ್ರಕಾರ ಕೂಡುವುದಿಲ್ಲ. ದತ್ತಾತ್ರೇಯನ ದರ್ಶನದಿಂದ ಬೀಜದ ಕಂಪನಿಗೆ ಯಾವ ನಷ್ಟ? ಆದರೆ ಇದನ್ನು ಯಾರಾದರೂ ಹೋಗಿ ಕೇಳಬೇಕು.

ಪಂಚಾಯ್ತಿ ಕಡತ

ವಕೀಲ ಸಾಹೇಬ್ರೇ, ಹದಿನೆಂಟು ಸಾವಿರ ಸಂಬಳದ ಹುಡುಗ ಕಂಪನಿ ಮೇಲೆ ಕೇಸು ಹಾಕುತ್ತಾನಾ? ನಿಮ್ಮ ಫೀಸ್ ಎಷ್ಟು ಹೇಳಿ ಮೊದಲು.

ಕಪ್ಪು ಕೋಟು

ಕೇಸು ಹಾಕು ಅಂತ ನಾನೂ ಹೇಳುವುದಿಲ್ಲ. ಒಂದು ಮೇಲ್ ಹಾಕು ಅಂತೇನೆ. "ಡ್ಯೂಟಿ ಟೈಮ್ ಎಷ್ಟರಿಂದ ಎಷ್ಟು, ಅದರ ಹೊರಗೆ ಲೊಕೇಶನ್ ಹೋಗುತ್ತದೆಯೇ, ಯಾರು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ." ಜಗಳದ ದನಿ ಬೇಡ, ಸುಮ್ನೆ ಮಾಹಿತಿ ಕೇಳಿದ ಹಾಗೆ. ಬರವಣಿಗೆಯಲ್ಲಿ ಉತ್ತರ ಕೊಡುವಾಗ ಕಂಪನಿಗಳು ಇದ್ದಕ್ಕಿದ್ದಂತೆ ಬಹಳ ಸಭ್ಯರಾಗುತ್ತವೆ. ಈ ಸಲಹೆಗೆ ಫೀಸ್ ಇಲ್ಲ, ಗಂಜ್ ಕಡೆ ಬಂದಾಗ ಚಾ ಕುಡಿಸಿ.

ಸುಮ್ನೆ ನೋಡುವವ

ಒಂದು ಡೌಟು. ಸಾಹೇಬರು ನೋಡಿದರೆ ಇಷ್ಟು ಸಿಟ್ಟು. ಗೂಗಲ್ ದಿನಾ ನೋಡುತ್ತಿದೆ, ಅದಕ್ಕೆ ಯಾರೂ ಮಾತಾಡುವುದಿಲ್ಲ?

ಬೀದರ್ ಬಿದ್ರಿ

ತಮ್ಮಾ, ಮೊದಲ ಸಲ ಒಳ್ಳೆಯ ಪ್ರಶ್ನೆ ಕೇಳಿದೆ. ಮಾತಾಡಿದ್ದಾರೆ. ಲೊಕೇಶನ್ ಹಿಸ್ಟರಿ ಆಫ್ ಮಾಡಿದ ಮೇಲೂ ಇನ್ನೊಂದು ಸೆಟ್ಟಿಂಗ್ ಮೂಲಕ ಜಾಗದ ಮಾಹಿತಿ ಹೋಗುತ್ತಿತ್ತು ಅಂತ ಅಮೆರಿಕದ 40 ರಾಜ್ಯಗಳು ಹಿಡಿದುಕೊಂಡವು. 2022ರ ನವೆಂಬರ್‌ನಲ್ಲಿ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಮೇಲೆ ಟೈಮ್‌ಲೈನ್, ಅಂದರೆ ನಾವು ಯಾವ ದಿನ ಎಲ್ಲೆಲ್ಲಿ ಹೋದೆವು ಅನ್ನುವ ಲೆಕ್ಕವನ್ನು ತನ್ನ ಸರ್ವರ್ ಬದಲು ನಮ್ಮ ಫೋನಿನಲ್ಲೇ ಇಡುವ ಹಾಗೆ ಬದಲಾಯಿಸಿತು.

ನಮ್ಮೂರಲ್ಲಿ ವಾಯುಪಡೆ ನೆಲೆ ಇದೆ, ಅದಕ್ಕೆ ಇದೊಂದು ನೆನಪಾಯಿತು. ಸ್ಟ್ರಾವಾ ಅನ್ನುವ ಓಟದ ಆ್ಯಪ್ ಇದೆ. ಜನ ಎಲ್ಲೆಲ್ಲಿ ಓಡಿದರು ಅಂತ ಒಂದು ದೊಡ್ಡ ಮ್ಯಾಪ್ ಮಾಡಿ ಹೆಸರಿಲ್ಲದೆ ಹಾಕಿತ್ತು. 2018ರ ಜನವರಿಯಲ್ಲಿ ಯಾರೋ ನೋಡಿದರೆ, ಮರುಭೂಮಿ ನಡುವೆ ಹೊಳೆಯುವ ಗೆರೆಗಳು. ಸೈನಿಕರು ಬೆಳಿಗ್ಗೆ ಜಾಗಿಂಗ್ ಮಾಡಿದ್ದು, ನೆಲೆಯ ಬೇಲಿ ಸುತ್ತ! ಒಬ್ಬರ ಹೆಸರೂ ಇಲ್ಲ, ಆದರೂ ಗುಟ್ಟು ಹೊರಗೆ. ಒಂದು ಚುಕ್ಕೆಯಿಂದ ಏನೂ ಗೊತ್ತಾಗುವುದಿಲ್ಲ. ತಿಂಗಳ ಚುಕ್ಕೆ ಸೇರಿಸಿದರೆ ಮನೆ ಯಾವುದು, ಆಸ್ಪತ್ರೆ ಯಾವುದು, ಯಾವ ವಾರ ಯಾವ ಗುಡಿ, ಎಲ್ಲ ಬರುತ್ತದೆ.

ಆದರೂ ಫರಕಿದೆ. ಗೂಗಲ್‌ಗೆ ನೀನು ಯಾರೋ ಒಬ್ಬ. ನಿನಗೆ ಚಪ್ಪಲಿ ಮಾರಿದರೆ ಅದಕ್ಕೆ ಸಾಕು. ಸಾಹೇಬರ ಕೈಯಲ್ಲಿ ನಿನ್ನ ಸಂಬಳ ಇದೆ.

ದಂಡೆ ಅಣ್ಣಾ, ಫೋನ್ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಡ್ಯಾಶ್‌ಬೋರ್ಡ್ ಅಂತ ಇರುತ್ತದೆ. ಯಾವ ಆ್ಯಪ್ ಎಷ್ಟು ಗಂಟೆಗೆ ನಿಮ್ಮ ಲೊಕೇಶನ್ ಕೇಳಿತು ಅಂತ ಪಟ್ಟಿ ಸಿಗುತ್ತದೆ. ನೋಡಿ ಹೇಳಿ.

ಕಾಗಿಣಾ ದಂಡೆ

ನೋಡಿದೆ. ಯಪ್ಪಾ!

ನಿನ್ನೆ ರಾತ್ರಿ 11:52, 12:07, 12:22. ಹೀಗೇ ಕಾಲು ಗಂಟೆಗೊಮ್ಮೆ, ಬೆಳಗಿನ ತನಕ. ನಾನು ಗೊರಕೆ ಹೊಡೆಯುವಾಗಲೂ ಕಂಪನಿಗೆ ನನ್ನ ಹಾಸಿಗೆ ಎಲ್ಲಿದೆ ಅಂತ ಗೊತ್ತು. ಬ್ಯಾಟರಿ ಯಾಕೆ ಬೇಗ ಇಳಿಯುತ್ತದೆ ಅಂತ ಅಂಗಡಿಯಲ್ಲಿ ತೋರಿಸಿ 1,200 ಕೊಟ್ಟು ಬ್ಯಾಟರಿ ಬದಲಾಯಿಸಿದ್ದೆ ಹೋದ ತಿಂಗಳು. ಅದೂ ಇದರ ಖರ್ಚಿಗೇ ಬರೆಯಬೇಕು.

ಬೀದರ್ ಬಿದ್ರಿ

ಪರ್ಮಿಷನ್ ನೋಡಿ, "ಯಾವಾಗಲೂ" ಅಂತ ಇರಬೇಕು. "ಆ್ಯಪ್ ಬಳಸುವಾಗ ಮಾತ್ರ" ಅಂತ ಮಾಡಿ. ಆ್ಯಪ್ ಗಲಾಟೆ ಮಾಡಿದರೆ ಸಂಜೆ ಲಾಗೌಟ್ ಆಗಿ. ಹಳೇ ಫೋನ್ ಒಂದಿದ್ದರೆ ಇನ್ನೂ ಒಳ್ಳೆಯದು, ಆ್ಯಪ್ ಅದರಲ್ಲಿ ಹಾಕಿ, ಸಂಜೆ ಸ್ವಿಚ್ ಆಫ್.

ಗಂಜ್ ಸಾಹುಕಾರ

ನಿಜ ಹೇಳುತ್ತೇನೆ, ರಾತ್ರಿ ಹನ್ನೆರಡಕ್ಕೆ ಯಾವ ಮ್ಯಾನೇಜರೂ ಕುಳಿತು ನೋಡುತ್ತಿಲ್ಲ. ಆ್ಯಪ್ ಮಾಡಿದವನು ಆಫ್ ಬಟನ್ ಇಟ್ಟಿಲ್ಲ ಅಷ್ಟೇ. ನನ್ನ ಡೆಲಿವರಿ ಹುಡುಗರಿಗೆ ನಾನು ವಾಟ್ಸ್ಆ್ಯಪ್ ಲೈವ್ ಲೊಕೇಶನ್ ಹಾಕಿಸುತ್ತೇನೆ. 15 ನಿಮಿಷ, 1 ಗಂಟೆ, 8 ಗಂಟೆ, ಮೂರೇ ಇರುವುದು. ಬೆಳಿಗ್ಗೆ 8 ಗಂಟೆಯದು ಒತ್ತುತ್ತಾರೆ, ಸಂಜೆ ತಾನೇ ನಿಲ್ಲುತ್ತದೆ. ಅದರ ಗುಣ ಇವತ್ತು ಗೊತ್ತಾಯಿತು ನನಗೆ, ಇಲ್ಲಿಯ ತನಕ ಅದನ್ನು ತಲೆನೋವು ಅಂತ ತಿಳಿದಿದ್ದೆ. ದಿನಾ ಒತ್ತಲು ನೆನಪಿಸಬೇಕಲ್ಲ ಅಂತ.

ಲಾರಿ ಮಾಮಾ

ಸಾಹುಕಾರ್ರೇ, ಹಾಗಾದರೆ ಡ್ರೈವರ್‌ಗಳಿಗೆ ಫೋನ್ ಮಾಡುವುದೂ ಕಡಿಮೆ ಮಾಡಿ. ಚುಕ್ಕೆ ಅರ್ಧ ಗಂಟೆ ನಿಂತರೆ ಮಾಡಿ. ಐದು ನಿಮಿಷಕ್ಕೆ ಮಾಡಬೇಡಿ.

ಗಂಜ್ ಸಾಹುಕಾರ

ಇಪ್ಪತ್ತು ನಿಮಿಷ.

ಲಾರಿ ಮಾಮಾ

ವ್ಯಾಪಾರಸ್ಥರು ವ್ಯಾಪಾರಸ್ಥರೇ ಬಿಡಿ. ಆಯ್ತು, ಇಪ್ಪತ್ತು.

ಬ್ಯಾಗ್ ಹೊತ್ತವ

ದಂಡೆ ಅಣ್ಣಾ, ಟಿಎ ಬಗ್ಗೆ ಒಂದು ಮಾತು. ನಿನ್ನ ಫೋನಿನ ಗೂಗಲ್ ಟೈಮ್‌ಲೈನ್ ಆನ್ ಇದ್ದಿತ್ತಾ? ಇದ್ದರೆ ಆ ದಿನದ ಸುತ್ತು ಅದರಲ್ಲಿ ಪೂರ್ತಿ ಇರುತ್ತದೆ. ಆದರೆ ಬೇಗ ನೋಡು. ಈಗೀಗ ಮೂರು ತಿಂಗಳಿಗೆ ತಾನೇ ಅಳಿಸುವ ಹಾಗೆ ಸೆಟ್ ಆಗಿರುತ್ತದೆ.

ಕಾಗಿಣಾ ದಂಡೆ (ಎರಡು ವಾರದ ನಂತರ)

ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಟೈಮ್‌ಲೈನ್ ಆನ್ ಇತ್ತು, ಯಾವಾಗ ಮಾಡಿದ್ದೆನೋ ನೆನಪಿಲ್ಲ. ಮಳಖೇಡ ತನಕ ಹೋಗಿ ತಿರುಗಿದ್ದು, ಶಹಾಬಾದ, ವಾಡಿ, ಎಲ್ಲ ಗೆರೆ ಗೆರೆ. ಸೇತುವೆ ಮೇಲೆ ನೀರಿದ್ದ ಫೋಟೊ ಜೊತೆ ಮೇಲ್ ಹಾಕಿದೆ. ಕೆಳಗೆ ವಕೀಲ ಸಾಹೇಬರ ನಾಲ್ಕು ಪ್ರಶ್ನೆಯನ್ನೂ ಸೇರಿಸಿದೆ.

70 ಕಿ.ಮೀ. ಪಾಸಾಯಿತು. ಪ್ರಶ್ನೆಗಳಿಗೆ ಎಚ್‌ಆರ್‌ನಿಂದ ಎರಡು ಸಾಲು ಬಂತು: ಡ್ಯೂಟಿ ಒಂಬತ್ತರಿಂದ ಆರು, ಅದರಾಚೆ "ಚೆಕ್ ಔಟ್" ಒತ್ತಬಹುದು. ಆ ಬಟನ್ ಮೆನು ಒಳಗೆ ಕೊನೆಗೆ ಇದೆ! ಮೊದಲಿನಿಂದಲೂ ಇತ್ತಂತೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅನ್ನುವುದಕ್ಕೆ ಉತ್ತರವಿಲ್ಲ. ರೈತರ ಪಿನ್ ಬಗ್ಗೆಯೂ ಕೇಳಿದ್ದೆ, ಅದಕ್ಕೂ ಇಲ್ಲ.

ಮೊನ್ನೆ ಶನಿವಾರ ಸಂಜೆ ಒತ್ತಿದೆ. ಸೋಮವಾರ ಸಾಹೇಬರು, "ನಿನ್ನೆ ನಿನ್ನ ಲೊಕೇಶನ್ ಬರಲೇ ಇಲ್ಲ" ಅಂದರು. "ನಿನ್ನೆ ಭಾನುವಾರ ಅಲ್ವಾ ಸರ್" ಅಂದೆ. ಸ್ವಲ್ಪ ಹೊತ್ತು ನೋಡಿ, ಚಾ ತರಿಸಿದರು.

ಇವತ್ತು ಮತ್ತೆ ಸೇಡಂಗೆ ಹೊರಟಿದ್ದೇನೆ. ರಾತ್ರಿಯಿಂದ ಮಳೆ. ಮ್ಯಾಪ್ ನೀಲಿ ಗೆರೆ ತೋರಿಸುತ್ತಿದೆ, ಅದನ್ನು ನಂಬುವುದಿಲ್ಲ. ಆ ಕಡೆ ಯಾರಾದರೂ ಇದ್ದೀರಾ? ಸೇತುವೆ ಮೇಲೆ ನೀರು ಇದೆಯಾ?

ಲಾರಿ ಮಾಮಾ

ಸಿಮೆಂಟ್ ತುಂಬಿಕೊಂಡು ಈಗಷ್ಟೇ ದಾಟಿದೆ. ನೀರು ಕೆಳಗೇ ಇದೆ. ಬಾ. ಆದರೆ ಸೇತುವೆ ಇಳಿದ ತಕ್ಷಣ ಎಡಕ್ಕೆ ದೊಡ್ಡ ಗುಂಡಿ ಇದೆ, ನಿಧಾನ.